ಬಿಸಿಯಾದ ಮೇಲೆ ನಡುಗುವ ಎಂಜಿನ್: ಹಳೆಯ ಕಾರಿನ ಐಡ್ಲಿಂಗ್ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ತಣ್ಣಗಿರುವಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಐಡ್ಲಿಂಗೂ (ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಂತಲ್ಲೇ ಓಡುವುದು) ಚೆನ್ನಾಗಿಯೇ ಇರುತ್ತದೆ. ಸ್ವಲ್ಪ ದೂರ ಓಡಿಸಿ, ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ ಮೇಲೆ ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಶುರುವಾಗುತ್ತದೆ ನೋಡಿ ತಕರಾರು. ಸ್ಟಿಯರಿಂಗ್ ನಡುಗುತ್ತದೆ, ಕನ್ನಡಿ ಅದುರುತ್ತದೆ, ಎಂಜಿನ್ ಒಮ್ಮೆ ಏರಿ ಒಮ್ಮೆ ಇಳಿದು ಕೊನೆಗೆ ಆಫ್ ಆಗಿಬಿಡುತ್ತದೆ. ಕಾರ್ಬುರೇಟರ್ (ಗಾಳಿ ಮತ್ತು ಪೆಟ್ರೋಲ್ ಬೆರೆಸುವ ಭಾಗ) ಮತ್ತು ಪಾಯಿಂಟ್ (ಕಿಡಿಗಾಗಿ ಕಾಯಿಲ್‌ನ ಕರೆಂಟ್ ಕಡಿಯುವ ಸ್ವಿಚ್) ಇರುವ ಹಳೆಯ ಕಾರುಗಳಲ್ಲಿ ಇದು ತೀರಾ ಸಾಮಾನ್ಯ.

ಇಂಥ ಹೊತ್ತಿನಲ್ಲಿ ಎಲ್ಲರ ಕೈ ಮೊದಲು ಹೋಗುವುದು ಕಾರ್ಬುರೇಟರಿನ ಸ್ಕ್ರೂಗೆ. ದಯವಿಟ್ಟು ಅದನ್ನು ಈಗಲೇ ಮುಟ್ಟಬೇಡಿ. ಕಾರ್ಬುರೇಟರ್ ಸೆಟ್ಟಿಂಗ್ ಅನ್ನುವುದು ಉಳಿದದ್ದೆಲ್ಲ ಸರಿಯಿದ್ದಾಗ ಮಾತ್ರ ಅರ್ಥ ಇರುವ ಕೆಲಸ. ಎಲ್ಲೋ ಗಾಳಿ ಸೋರುತ್ತಿದ್ದರೆ ಅಥವಾ ಪಾಯಿಂಟ್ ಸುಟ್ಟಿದ್ದರೆ, ಸ್ಕ್ರೂ ತಿರುಗಿಸಿ ತಿರುಗಿಸಿ ಒಂದು ದೋಷವನ್ನು ಎರಡು ಮಾಡಿಕೊಳ್ಳುತ್ತೀರಿ, ಅಷ್ಟೇ.

ಅದರ ಬದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ತಣ್ಣಗಿದ್ದಾಗ ಇದ್ದದ್ದು ಬಿಸಿಯಾದ ಮೇಲೆ ಏನೇನು ಬದಲಾಯಿತು? ತಣ್ಣಗಿದ್ದಾಗ ಗಾಳಿ ತಡೆಯುವ ಚೋಕ್ ತೆರೆದುಕೊಂಡಿತು, ಹಾಗಾಗಿ ಹೆಚ್ಚುವರಿ ಪೆಟ್ರೋಲ್ ನಿಂತಿತು. ಲೋಹ ಹಿಗ್ಗಿತು, ವಾಲ್ವ್ ಒತ್ತುವ ಟ್ಯಾಪೆಟ್‌ನ ಸಂದು ಬದಲಾಯಿತು. ಕಿಡಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಮತ್ತು ಪಾಯಿಂಟ್ ಸುಡದಂತೆ ತಡೆಯುವ ಕಂಡೆನ್ಸರ್ ಕಾದವು. ಕಾರ್ಬುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಕೂಡ ಬಿಸಿಯಾಯಿತು. ನಿಮ್ಮ ದೋಷ ಹೆಚ್ಚುಕಮ್ಮಿ ಈ ನಾಲ್ಕರಲ್ಲೇ ಎಲ್ಲೋ ಇದೆ.

ಶುರು ಮಾಡುವ ಮುನ್ನ

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಸಣ್ಣ ಸಂದು ಅಳೆಯುವ ಫೀಲರ್ ಗೇಜ್, ಪ್ಲಗ್ ಸ್ಪ್ಯಾನರ್, ಮಲ್ಟಿಮೀಟರ್, ಟೈಮಿಂಗ್ ಲೈಟ್, ಕಂಪ್ರೆಷನ್ ಗೇಜ್, ನೀರು ತುಂಬಿದ ಒಂದು ಸ್ಪ್ರೇ ಬಾಟಲಿ. ಒಂದೇ ಒಂದು ಗೇಜ್ ಕೊಳ್ಳುವ ಯೋಚನೆ ಇದ್ದರೆ ಎಂಜಿನ್ ಗಾಳಿ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಕೊಳ್ಳಿ ಎನ್ನುತ್ತೇನೆ. ಅದು ಅಗ್ಗ, ಆದರೆ ಅದು ಹೇಳುವಷ್ಟು ವಿಷಯವನ್ನು ಬೇರೆ ಯಾವ ಉಪಕರಣವೂ ಹೇಳುವುದಿಲ್ಲ. ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್ ಪಕ್ಕದಲ್ಲಿರಲಿ. ಇಲ್ಲಿ ಕೊಡುವ ಅಳತೆಗಳು ಸಾಮಾನ್ಯ ಅಂದಾಜು. ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ.

ಎಂಜಿನ್ ಓಡುತ್ತಿರುವಾಗಲೇ ಮಾಡುವ ಕೆಲಸ ಬಹಳ ಇದೆ, ಹಾಗಾಗಿ ಬಯಲಲ್ಲೇ ಮಾಡಿ. ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಕಟ್ಟಿಕೊಳ್ಳುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಉದ್ದ ತೋಳು, ದುಪಟ್ಟಾ, ಬಿಚ್ಚಿದ ಕೂದಲು ಫ್ಯಾನಿನ ಹತ್ತಿರ ಬೇಡವೇ ಬೇಡ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ.

ಇನ್ನೊಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ಲಗ್, ಪಾಯಿಂಟ್, ಕಾಯಿಲ್ ಎಲ್ಲ ಒಟ್ಟಿಗೆ ಹೊಸದು ಹಾಕಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತೇ ಆಗುವುದಿಲ್ಲ. ಮಾಡಿದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಹಂತ 1: ಬಿಚ್ಚುವ ಮೊದಲು ಕೇಳಿ, ನೋಡಿ

ಕಾರನ್ನು ಚೆನ್ನಾಗಿ ಓಡಿಸಿ ಬಿಸಿ ಮಾಡಿ. ನಿಂತಲ್ಲೇ ಐದು ನಿಮಿಷ ಆನ್ ಇಟ್ಟರೆ ಸಾಲದು. ಆಮೇಲೆ ಬಾನೆಟ್ ತೆಗೆದು ಸುಮ್ನೆ ಕೇಳಿ. ಒಂದೇ ತಾಳದಲ್ಲಿ, ಬಿಡದೆ ಮಿಸ್ ಹೊಡೆಯುತ್ತಿದ್ದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಮಿಸ್ ಯಾವಾಗಲೋ ಎಲ್ಲೋ ಅಡ್ಡಾದಿಡ್ಡಿಯಾಗಿ ಬಂದರೆ ಇಗ್ನಿಷನ್ (ಕಿಡಿ ಕೊಡುವ ವ್ಯವಸ್ಥೆ) ಮೇಲೆ ಅನುಮಾನ. ಆರ್‌ಪಿಎಂ ತಾನಾಗಿ ಏರಿಳಿಯುತ್ತಿದ್ದರೆ ಎಲ್ಲೋ ಗಾಳಿ ಜಾಸ್ತಿ ಹೋಗುತ್ತಿದೆ. ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಭಾರವಾಗಿ ಮುಗ್ಗರಿಸುವ ಸದ್ದು ಇದ್ದರೆ ಮಿಶ್ರಣ ರಿಚ್ ಆಗಿದೆ, ಅಂದರೆ ಪೆಟ್ರೋಲ್ ಜಾಸ್ತಿ.

ಈಗ ಚೋಕ್ ಪರೀಕ್ಷೆ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ನಡುಗುತ್ತಿರುವಾಗಲೇ ಚೋಕ್ ಅನ್ನು ಸ್ವಲ್ಪವೇ ಸ್ವಲ್ಪ ಎಳೆಯಿರಿ. ಆಟೊ ಚೋಕ್ ಆದರೆ ಏರ್ ಕ್ಲೀನರ್ ತೆಗೆದು, ಕಾರ್ಬುರೇಟರಿನ ಬಾಯಿಯನ್ನು ರಟ್ಟಿನ ತುಂಡಿನಿಂದ ಅರ್ಧ ಮುಚ್ಚಿ. ಎಂಜಿನ್ ಸುಧಾರಿಸಿತಾ? ಹಾಗಾದರೆ ಮಿಶ್ರಣ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ) ಆಗಿದೆ: ಗಾಳಿ ಸೋರಿಕೆ ಇದೆ, ಇಲ್ಲವೇ ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಐಡಲ್ ಜೆಟ್ ಕಟ್ಟಿದೆ. ಇನ್ನೂ ಹದಗೆಟ್ಟಿತಾ? ಮಿಶ್ರಣ ಆಗಲೇ ರಿಚ್ ಇದೆ, ಇಲ್ಲವೇ ತೊಂದರೆ ಇಗ್ನಿಷನ್ನಿನಲ್ಲಿದೆ. ಅರ್ಧ ನಿಮಿಷದ ಈ ಪರೀಕ್ಷೆ ನಿಮ್ಮ ಅರ್ಧ ದಿನ ಉಳಿಸುತ್ತದೆ. ತಣ್ಣಗಿದ್ದಾಗ ಚೆನ್ನಾಗಿದ್ದ ಎಂಜಿನ್ ಬಿಸಿಯಾದಾಗ ಕೆಡಲು ಬಹಳ ಸಲ ಕಾರಣವೇ ಇದು. ಸೋರಿಕೆ ಮೊದಲಿನಿಂದಲೂ ಇರುತ್ತದೆ, ಚೋಕ್ ಕೊಡುವ ಹೆಚ್ಚಿನ ಪೆಟ್ರೋಲ್ ಅದನ್ನು ಮುಚ್ಚಿಟ್ಟಿರುತ್ತದೆ.

ಸೈಲೆನ್ಸರ್ ಬಾಯಿಗೆ ಒಂದು ಕಾಗದದ ಪಟ್ಟಿ ಹಿಡಿಯಿರಿ. ಹೊಗೆ ಒಂದೇ ಸಮನೆ ಅದನ್ನು ಹೊರಕ್ಕೆ ತಳ್ಳಬೇಕು. ಆಗಾಗ ಕಾಗದ ಒಳಕ್ಕೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅನ್ನುವ ಸೂಚನೆ.

ಒಂದೇ ಸಿಲಿಂಡರ್ ಮಿಸ್ ಅನ್ನಿಸಿದರೆ ಅದು ಯಾವುದು ಅಂತ ಹುಡುಕಿ. ಎಂಜಿನ್ ಆಫ್ ಮಾಡಿ, ಒಂದು ಪ್ಲಗ್ಗಿನ ವೈರ್ ತೆಗೆದು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಮೈ ಎಂಜಿನ್ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಕ್ಲಿಪ್ ಹಾಕಿ. ಕಾರ್ಬುರೇಟರಿನಿಂದ ದೂರವೇ ಇರಲಿ. ಮತ್ತೆ ಸ್ಟಾರ್ಟ್ ಮಾಡಿ ಆರ್‌ಪಿಎಂ ನೋಡಿ. ಹೀಗೇ ಒಂದೊಂದಾಗಿ ಎಲ್ಲವನ್ನೂ ಮಾಡಿ. ಚೆನ್ನಾಗಿರುವ ಸಿಲಿಂಡರಿನ ವೈರ್ ತೆಗೆದಾಗ ಆರ್‌ಪಿಎಂ ಬೀಳುತ್ತದೆ, ಸತ್ತ ಸಿಲಿಂಡರಿನದು ತೆಗೆದರೆ ಏನೂ ಆಗುವುದಿಲ್ಲ. ವೈರ್ ಅನ್ನು ಗಾಳಿಯಲ್ಲಿ ನೇತಾಡಲು ಬಿಡಬೇಡಿ. ಕಿಡಿ ಎಲ್ಲಿಗಾದರೂ ಹಾರುತ್ತದೆ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ಅದೂ ಸುಡಬಹುದು.

ಕೊನೆಗೆ ಎಂಜಿನ್ ಸ್ವಲ್ಪ ಆರಿದ ಮೇಲೆ ಪ್ಲಗ್‌ಗಳನ್ನು ಬಿಚ್ಚಿ, ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಿ. ತಿಳಿ ಕಂದು ಅಥವಾ ಬೂದು ಬಣ್ಣ ಒಳ್ಳೆಯದು. ಒಣ ಕಪ್ಪು ಮಸಿ ಅಂದರೆ ರಿಚ್, ಬಿಳುಚಿದ್ದರೆ ಲೀನ್, ಎಣ್ಣೆಯಿಂದ ಒದ್ದೆಯಾಗಿದ್ದರೆ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ. ಎಲ್ಲ ಒಂದೇ ಬಣ್ಣ ಇದ್ದು ಒಂದು ಮಾತ್ರ ಬೇರೆ ಇದ್ದರೆ, ದೋಷ ಆ ಸಿಲಿಂಡರಿನದ್ದು.

ಹಂತ 2: ಕಳ್ಳ ಗಾಳಿ ಹುಡುಕುವುದು

ಐಡ್ಲಿಂಗ್‌ನಲ್ಲಿ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಹೆಚ್ಚುಕಮ್ಮಿ ಮುಚ್ಚಿರುತ್ತದೆ, ಎಂಜಿನ್ ಎಳೆಯುವ ಗಾಳಿ ತೀರಾ ಕಡಿಮೆ. ಹಾಗಾಗಿ ಸಣ್ಣ ಸೋರಿಕೆಯೂ ದೊಡ್ಡ ಪೆಟ್ಟು ಕೊಡುತ್ತದೆ. ಅದೇ ಕಾರು ಹೈವೇನಲ್ಲಿ ಏನೂ ಆಗದಂತೆ ಓಡುವುದು ಇದೇ ಕಾರಣಕ್ಕೆ. ಬಿಸಿಯಾದಾಗ ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್ ಹಿಗ್ಗಿ ಗ್ಯಾಸ್ಕೆಟ್‌ನ ಸಂದು ಬಿಟ್ಟುಕೊಂಡರಂತೂ ಕೇಳುವುದೇ ಬೇಡ.

ವ್ಯಾಕ್ಯೂಮ್ ಗೇಜನ್ನು ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಜೋಡಿಸಿ. ಸಮುದ್ರ ಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ಪಾದರಸದಷ್ಟು ತೋರಿಸುತ್ತದೆ, ಮುಳ್ಳು ಅಲ್ಲಾಡದೆ ನಿಲ್ಲುತ್ತದೆ. ಎತ್ತರದ ಊರುಗಳಲ್ಲಿ ಪ್ರತಿ 300 ಮೀಟರಿಗೆ ಸುಮಾರು 1 ಇಂಚು ಕಡಿಮೆ ಲೆಕ್ಕ ಹಾಕಿ. ಮುಳ್ಳು ಸ್ಥಿರವಾಗಿದ್ದೂ ಕೆಳಗೇ ಇದ್ದರೆ ಗಾಳಿ ಸೋರುತ್ತಿದೆ ಅಥವಾ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹಿಂದೆ ಬಿದ್ದಿದೆ. ಲೆಕ್ಕ ಇಟ್ಟಂತೆ ಆಗಾಗ ಟಕ್ ಎಂದು ಬೀಳುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ನಿಧಾನಕ್ಕೆ ತೇಲಾಡಿದರೆ ಮಿಶ್ರಣ ಸರಿ ಇಲ್ಲ.

ಸೋರುವ ಜಾಗ ಹುಡುಕಲು ಬಹಳ ಜನ ಕಾರ್ಬುರೇಟರ್ ಕ್ಲೀನರ್ ಹೊಡೆಯುತ್ತಾರೆ. ಕೆಲಸ ಮಾಡುತ್ತದೆ, ಆದರೆ ಅದು ಉರಿಯುವ ದ್ರವ. ಅನೇಕ ಹಳೆಯ ಎಂಜಿನ್‌ಗಳಲ್ಲಿ ಇನ್‌ಟೇಕ್ ಇರುವುದೇ ಕೆಂಡದಂತೆ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ. ಅದಕ್ಕೇ ನಾನು ಮೊದಲು ನೀರಿನ ಸ್ಪ್ರೇ ಬಳಸಿ ಎನ್ನುವುದು. ಕಾರ್ಬುರೇಟರಿನ ಬುಡದ ಗ್ಯಾಸ್ಕೆಟ್, ಮ್ಯಾನಿಫೋಲ್ಡ್ ಹೆಡ್‌ಗೆ ಸೇರುವ ಜಾಗ, ಥ್ರಾಟಲ್ ಶಾಫ್ಟ್‌ನ ಎರಡು ತುದಿ ಇವಕ್ಕೆ ಒಂದೊಂದಾಗಿ ಸಣ್ಣಗೆ ಸಿಂಪಡಿಸಿ. ನೀರು ಸಂದನ್ನು ಕ್ಷಣಕಾಲ ಮುಚ್ಚಿದಾಗ ಎಂಜಿನ್ ಸದ್ದು ಬದಲಾಗುತ್ತದೆ. ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ ಮಾತ್ರ ನೀರು ಬೀಳಬಾರದು.

ಥ್ರಾಟಲ್ ಶಾಫ್ಟ್ ಬಗ್ಗೆ ಒಂದು ಮಾತು. ಎಂಜಿನ್ ಆಫ್ ಮಾಡಿ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲೊಡಲೊಡ ಎಂದರೆ ಬುಷ್ ಸವೆದಿದೆ, ಅಲ್ಲಿಂದ ಗಾಳಿ ಹೋಗುತ್ತಿದೆ. ಹೊಸ ಜೆಟ್ ಕಿಟ್ ಹಾಕಿದರೂ ಇದು ಸರಿಯಾಗುವುದಿಲ್ಲ. ಬುಷ್ ಬದಲಾಯಿಸಲೇಬೇಕು.

ಇನ್ನು ಪೈಪುಗಳು. ಬ್ರೇಕ್ ಬೂಸ್ಟರ್ ಇದ್ದರೆ ಐಡ್ಲಿಂಗ್‌ನಲ್ಲಿ ಬ್ರೇಕ್ ಪೆಡಲ್ ಒತ್ತಿ ಹಿಡಿಯಿರಿ. ಎಂಜಿನ್ ಸದ್ದು ಬದಲಾಗಿ ಹಾಗೇ ಉಳಿದರೆ, ಅಥವಾ ಪೆಡಲ್ ಹತ್ತಿರ ಬುಸ್ ಎಂದು ಕೇಳಿದರೆ ಬೂಸ್ಟರಿನ ಡಯಾಫ್ರಾಮ್ ಹರಿದಿದೆ. ಅದರ ರಬ್ಬರ್ ಪೈಪನ್ನು ಕ್ಲ್ಯಾಂಪ್‌ನಿಂದ ಒತ್ತಿ ಮುಚ್ಚಿದಾಗ ಐಡ್ಲಿಂಗ್ ನೆಟ್ಟಗಾದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಕ್ಲ್ಯಾಂಪ್ ತೆಗೆಯದೆ ಕಾರು ಓಡಿಸಬೇಡಿ, ಪೆಡಲ್ ಗಟ್ಟಿಯಾಗಿ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಹೊಗೆಯನ್ನು ಇನ್‌ಟೇಕ್‌ಗೆ ಕಳಿಸುವ ವಾಲ್ವ್) ಇದ್ದರೆ ಬಿಚ್ಚಿ ಅಲ್ಲಾಡಿಸಿ, ಟಕಟಕ ಸದ್ದು ಬರಬೇಕು. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್‌ಗೆ (ಎಳೆತಕ್ಕೆ ತಕ್ಕಂತೆ ಟೈಮಿಂಗ್ ಮುಂದೆ ಮಾಡುವ ಭಾಗ) ಹೋಗುವ ಸಣ್ಣ ಪೈಪ್ ತೆಗೆದು, ಡಯಾಫ್ರಾಮ್ ಕಡೆಯ ತುದಿಯನ್ನು ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿ. ಎಳೆತ ಹಾಗೇ ನಿಲ್ಲಬೇಕು. ನಿಲ್ಲದಿದ್ದರೆ ಅದೂ ಸೋರುತ್ತಿದೆ.

ಹಂತ 3: ಟ್ಯಾಪೆಟ್ ಮತ್ತು ಕಂಪ್ರೆಷನ್

ಬೇಸರದ ಕೆಲಸ ಅಂತ ಎಲ್ಲರೂ ಬಿಟ್ಟುಬಿಡುವ ಹಂತ ಇದು. ಟ್ಯಾಪೆಟ್ ಸಂದು ತೀರಾ ಕಡಿಮೆ ಇದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಆ ಸಿಲಿಂಡರ್ ಕಂಪ್ರೆಷನ್ ಕಳೆದುಕೊಳ್ಳುತ್ತದೆ. ಹೆಚ್ಚಾಗಿ ಕೆಡುವುದು ಎಕ್ಸಾಸ್ಟ್ ವಾಲ್ವ್. ಸೀಸ ಇರುವ ಪೆಟ್ರೋಲಿಗೆಂದು ಮಾಡಿದ ಎಂಜಿನ್‌ಗಳಲ್ಲಿ ವಾಲ್ವ್ ಸೀಟ್ ಮೆತ್ತಗಿರುತ್ತದೆ. ಸೀಸವಿಲ್ಲದ ಪೆಟ್ರೋಲಿನಲ್ಲಿ ಜೋರಾಗಿ ಓಡಿಸುತ್ತಾ ಹೋದರೆ ಸೀಟ್ ಸವೆದು ಸಂದು ತಾನಾಗಿ ಕಿರಿದಾಗುತ್ತದೆ. ಟಕಟಕ ಎನ್ನುವ ಟ್ಯಾಪೆಟ್ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾಗಿ ಹೆದರಬೇಕಾದದ್ದು ಸದ್ದೇ ಮಾಡದ ಟ್ಯಾಪೆಟ್‌ಗೆ.

ಮ್ಯಾನ್ಯುಯಲ್‌ನಲ್ಲಿ ಅಳತೆ ತಣ್ಣಗಿದ್ದಾಗಿನದೋ ಬಿಸಿಯಾಗಿದ್ದಾಗಿನದೋ ನೋಡಿ, ಹಾಗೇ ಸೆಟ್ ಮಾಡಿ. ಆಮೇಲೆ ಕಂಪ್ರೆಷನ್ ನೋಡಿ. ಎಂಜಿನ್ ಬಿಸಿ ಇರಲಿ, ಎಲ್ಲ ಪ್ಲಗ್ ಬಿಚ್ಚಿರಿ, ಇಗ್ನಿಷನ್ ಕಿಡಿ ಬರದಂತೆ ಕಾಯಿಲ್ ವೈರ್ ತೆಗೆಯಿರಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. 10 ಶೇಕಡಾದೊಳಗೆ ಇದ್ದರೆ ಚಿಂತೆ ಬೇಡ. ಒಂದು ತೀರಾ ಕೆಳಗಿದ್ದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಇಲ್ಲಿ ದೋಷ ಸಿಕ್ಕಿದರೆ ಮುಂದಿನ ಹಂತಗಳಿಗೆ ಹೋಗಬೇಡಿ. ಮೊದಲು ಹೆಡ್ ಕೆಲಸ ಆಗಲಿ.

ಹಂತ 4: ಇಗ್ನಿಷನ್

ಕಾರ್ಬುರೇಟರ್ ತೊಂದರೆ ಅಂತ ಗ್ಯಾರೇಜಿಗೆ ಬರುವ ಹಳೆಯ ಕಾರುಗಳಲ್ಲಿ ಎಷ್ಟೋ ಇಲ್ಲೇ ಸರಿಯಾಗುತ್ತವೆ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ಬೆಳಕು ಹಾಯಿಸಿ. ಕೂದಲೆಳೆಯಷ್ಟು ತೆಳ್ಳಗಿನ ಕಪ್ಪು ಗೆರೆ ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಹರಿದಿದ್ದರೆ ಕಿಡಿ ಆ ದಾರಿ ಹಿಡಿದು ಪೋಲಾಗುತ್ತಿದೆ. ಒರೆಸಿ ಪ್ರಯೋಜನವಿಲ್ಲ, ಕ್ಯಾಪ್ ಬದಲಾಯಿಸಿ. ರಾತ್ರಿ ದೀಪ ಆರಿಸಿ ಎಂಜಿನ್ ಓಡಿಸಿ ನೋಡಿ. ವೈರ್‌ಗಳ ಮೇಲೆ ನೀಲಿ ಕಿಡಿ ಕುಣಿಯುತ್ತಿದ್ದರೆ ಅವೂ ಹೋಗಿವೆ.

ಪಾಯಿಂಟ್ ತೆರೆದು ಎರಡೂ ಮುಖ ನೋಡಿ. ನುಣ್ಣಗೆ ಬೂದು ಬಣ್ಣ ಇದ್ದರೆ ಸರಿ. ಒಂದು ಬದಿ ಮೊಳಕೆಯಂತೆ ಉಬ್ಬಿ, ಇನ್ನೊಂದು ಬದಿ ಅದೇ ಆಕಾರದಲ್ಲಿ ಗುಳಿ ಬಿದ್ದಿದ್ದರೆ ಕಂಡೆನ್ಸರ್ ಅನುಮಾನಿಸಿ. ಗುಳಿ ಬಿದ್ದ ಪಾಯಿಂಟ್‌ಗೆ ಫೀಲರ್ ಗೇಜ್ ಹಾಕಿದರೆ ಅಳತೆ ತಪ್ಪು ಬರುತ್ತದೆ, ಯಾಕೆಂದರೆ ಗೇಜ್ ಉಬ್ಬಿನ ತುದಿಯನ್ನೇ ಮುಟ್ಟುತ್ತದೆ. ಹೊಸ ಪಾಯಿಂಟ್ ಹಾಕಿ. ಗ್ಯಾಪ್ ಸಾಮಾನ್ಯವಾಗಿ 0.35ರಿಂದ 0.40 ಮಿಲಿಮೀಟರ್. ಕ್ಯಾಮ್‌ನ ಮೂಲೆಯ ಮೇಲೆ ಪಾಯಿಂಟ್ ಪೂರ್ತಿ ತೆರೆದಾಗ ಅಳೆಯಿರಿ, ಕ್ಯಾಮ್‌ಗೆ ಚೂರೇ ಚೂರು ಗ್ರೀಸ್ ಸವರಿ. ಗ್ರೀಸ್ ಇಲ್ಲದೆ ಪಾಯಿಂಟ್‌ನ ಹಿಮ್ಮಡಿ ಬೇಗ ಸವೆದು ಗ್ಯಾಪ್ ಮುಚ್ಚಿಕೊಳ್ಳುತ್ತದೆ.

ಡ್ವೆಲ್ (ಪಾಯಿಂಟ್ ಮುಚ್ಚಿರುವಷ್ಟು ಕೋನ) ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಐಡ್ಲಿಂಗ್‌ನಿಂದ ಆರ್‌ಪಿಎಂ ಏರಿಸಿದಾಗ ಡ್ವೆಲ್ ಎರಡು-ಮೂರು ಡಿಗ್ರಿಗಿಂತ ಜಾಸ್ತಿ ಬದಲಾದರೆ ಡಿಸ್ಟ್ರಿಬ್ಯೂಟರ್ ಶಾಫ್ಟ್‌ನ ಬುಷ್ ಸವೆದಿದೆ. ಅದಕ್ಕೆ ಸೆಟ್ಟಿಂಗ್‌ನಿಂದ ಪರಿಹಾರ ಇಲ್ಲ.

ಕಂಡೆನ್ಸರ್ ಮತ್ತು ಕಾಯಿಲ್ ಬಿಸಿಯಾದಾಗಲೇ ಕೈಕೊಡುವ ಜಾತಿಯವು. ತಣ್ಣಗಿದ್ದಾಗ ಅಳೆದು ಸರಿ ಇದೆ ಅಂದುಕೊಂಡರೆ ಮೋಸ ಹೋಗುತ್ತೀರಿ. ಬಿಸಿಯಾಗಿ ಮಿಸ್ ಹೊಡೆಯುವಾಗಲೇ, ಚೆನ್ನಾಗಿದೆ ಅಂತ ಗೊತ್ತಿರುವ ಬೇರೊಂದು ಕಂಡೆನ್ಸರ್ ಹಾಕಿ ನೋಡುವುದೇ ನಂಬಬಹುದಾದ ಪರೀಕ್ಷೆ. ಈಚೆಗೆ ಸಿಗುವ ಹೊಸ ಕಂಡೆನ್ಸರ್‌ಗಳಲ್ಲಿ ಕಳಪೆಯೂ ಬಹಳ ಇವೆ, ಹಾಗಾಗಿ ಕೆಲಸ ಮಾಡುತ್ತಿರುವ ಹಳೆಯದನ್ನು ಎಸೆಯಬೇಡಿ.

ಕಾಯಿಲ್ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ಆಗುತ್ತದೆ. 12 ವೋಲ್ಟ್ ಕಾರುಗಳಲ್ಲಿ ಎರಡು ಬಗೆಯ ವ್ಯವಸ್ಥೆ ಇದೆ. ಒಂದರಲ್ಲಿ ಕಾಯಿಲ್‌ನ ಪ್ರೈಮರಿ ರೆಸಿಸ್ಟೆನ್ಸ್ ಸುಮಾರು 3 ಓಮ್, ನೇರವಾಗಿ 12 ವೋಲ್ಟ್ ಸಿಗುತ್ತದೆ. ಇನ್ನೊಂದರಲ್ಲಿ ಕಾಯಿಲ್ ಸುಮಾರು 1.5 ಓಮ್, ಜೊತೆಗೆ ಕಾಯಿಲ್‌ಗೆ ಹೋಗುವ ವೋಲ್ಟೇಜ್ ಇಳಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರುತ್ತದೆ. ಬ್ಯಾಲಸ್ಟ್ ಇಲ್ಲದ ಕಾರಿಗೆ 1.5 ಓಮ್ ಕಾಯಿಲ್ ಹಾಕಿದರೆ ಅದು ವಿಪರೀತ ಕಾದು, ಬಿಸಿಯಾದ ಮೇಲೆ ಕೆಡುತ್ತದೆ, ಪಾಯಿಂಟೂ ಸುಡುತ್ತದೆ. ಬ್ಯಾಲಸ್ಟ್ ಇರುವ ಕಾರಿಗೆ 3 ಓಮ್ ಕಾಯಿಲ್ ಹಾಕಿದರೆ ಕಿಡಿ ಸಪ್ಪೆಯಾಗುತ್ತದೆ. ನಿಮಗಿಂತ ಮೊದಲು ಕಾರು ಇಟ್ಟುಕೊಂಡಿದ್ದವರು ಯಾವುದನ್ನು ಹಾಕಿದ್ದರೋ ಯಾರಿಗೆ ಗೊತ್ತು? ಮಲ್ಟಿಮೀಟರ್ ಹಿಡಿದು ಅಳೆದುಬಿಡಿ.

ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಹಾಗಾಗಿ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಮ್ಯಾನ್ಯುಯಲ್ ಹೇಳಿದ ಆರ್‌ಪಿಎಂನಲ್ಲಿ, ಅದು ಹೇಳಿದಂತೆ ವ್ಯಾಕ್ಯೂಮ್ ಪೈಪ್ ತೆಗೆದು ಅಥವಾ ಇಟ್ಟು, ಟೈಮಿಂಗ್ ಲೈಟ್ ಹಿಡಿಯಿರಿ. ಗುರುತು ಒಂದೇ ಕಡೆ ನಿಲ್ಲಬೇಕು. ಅತ್ತಿತ್ತ ನೆಗೆಯುತ್ತಿದ್ದರೆ ಮತ್ತೆ ಅದೇ ಡಿಸ್ಟ್ರಿಬ್ಯೂಟರ್ ಬುಷ್ ಅಥವಾ ಸಡಿಲಾದ ಟೈಮಿಂಗ್ ಚೈನ್.

ಹಂತ 5: ಪೆಟ್ರೋಲ್ ಮತ್ತು ಶಾಖ

ಚೋಕ್ ಪೂರ್ತಿ ತೆರೆಯುತ್ತಿದೆಯಾ ಕಣ್ಣಾರೆ ನೋಡಿ. ಕೇಬಲ್ ಬಿಗಿಯಾಗಿದ್ದರೆ ಗುಬುಟು ಒಳಗೆ ತಳ್ಳಿದರೂ ಚೋಕ್ ಅರ್ಧ ಹಿಡಿದೇ ಇರುತ್ತದೆ.

ಆಮೇಲೆ ಫ್ಲೋಟ್, ಅಂದರೆ ಬಟ್ಟಲಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ತೇಲು. ನೀಡಲ್ ವಾಲ್ವ್ ಸೋರಿದರೆ, ಅಥವಾ ಫ್ಲೋಟ್ ತೂತಾಗಿ ಒಳಗೆ ಪೆಟ್ರೋಲ್ ತುಂಬಿದ್ದರೆ ಬಟ್ಟಲಿನ ಮಟ್ಟ ಏರಿ ಎಂಜಿನ್ ರಿಚ್ ಆಗುತ್ತದೆ. ಹಿತ್ತಾಳೆ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಕುಲುಕುವ ಸದ್ದು ಕೇಳಿದರೆ ಸಾಕು, ಬೇರೆ ಪುರಾವೆ ಬೇಡ.

ಎಥನಾಲ್ ಬೆರೆತ ಪೆಟ್ರೋಲ್ ಇನ್ನೊಂದು ವಿಷಯ. ಬರೀ ಪೆಟ್ರೋಲಿಗೆ ಗಾಳಿ ಮತ್ತು ಇಂಧನದ ಸರಿಯಾದ ಪ್ರಮಾಣ ತೂಕದಲ್ಲಿ 14.7ಕ್ಕೆ 1. 10 ಶೇಕಡಾ ಎಥನಾಲ್ ಇದ್ದರೆ ಅದು ಸುಮಾರು 14.1ಕ್ಕೆ 1 ಆಗುತ್ತದೆ. ಅಂದರೆ ಹಳೆಯ ಸೆಟ್ಟಿಂಗ್‌ನಲ್ಲಿ ಎಂಜಿನ್ ಸ್ವಲ್ಪ ಲೀನ್ ಆಗಿಯೇ ಓಡುತ್ತದೆ. ಹಳೆಯ ರಬ್ಬರ್ ಪೈಪುಗಳನ್ನೂ ಎಥನಾಲ್ ಹಾಳು ಮಾಡುತ್ತದೆ. ಎಥನಾಲ್ ತಡೆಯುವ ಪೈಪ್ ಹಾಕಿಸಿ.

ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದಾಗ ಮಾತ್ರ ನಡುಗಿ, ಸ್ವಲ್ಪ ದೂರ ಹೋದ ಮೇಲೆ ಸರಿಯಾಗುತ್ತದಾ? ಅದು ಬಟ್ಟಲಿನಲ್ಲಿ ಪೆಟ್ರೋಲ್ ಕುದಿಯುವ ತೊಂದರೆ. ಕಾರ್ಬುರೇಟರಿನ ಕೆಳಗೆ ಶಾಖ ತಡೆಯುವ ದಪ್ಪ ಸ್ಪೇಸರ್ ಮತ್ತು ತಗಡಿನ ಶೀಲ್ಡ್ ಜಾಗದಲ್ಲೇ ಇವೆಯಾ ನೋಡಿ. ಪೆಟ್ರೋಲ್ ಪೈಪ್ ಎಕ್ಸಾಸ್ಟ್‌ಗೆ ತಾಗಿಕೊಂಡಿದ್ದರೆ ದೂರ ಸರಿಸಿ.

ಹಂತ 6: ಈಗ ಕಾರ್ಬುರೇಟರ್

ವೆಬರ್, ಸೋಲೆಕ್ಸ್ ಥರದ ಕಾರ್ಬುರೇಟರ್‌ಗಳಲ್ಲಿ ಐಡ್ಲಿಂಗ್‌ಗೇ ಬೇರೆ ಜೆಟ್ ಇರುತ್ತದೆ, ಅದರ ತೂತು ಬಹಳ ಸಣ್ಣದು. ಬಿಚ್ಚಿ ಬೆಳಕಿಗೆ ಹಿಡಿದು, ಕ್ಲೀನರ್ ಮತ್ತು ಗಾಳಿಯಿಂದ ಶುದ್ಧ ಮಾಡಿ. ತಂತಿ ತೂರಿಸಬೇಡಿ, ತೂತು ಹಿಗ್ಗುತ್ತದೆ. ಕೆಲವು ಸೋಲೆಕ್ಸ್‌ಗಳಲ್ಲಿ ಐಡಲ್ ಕಟ್-ಆಫ್ ವಾಲ್ವ್ ಇರುತ್ತದೆ. ಇಗ್ನಿಷನ್ ಆನ್ ಮಾಡಿ ಅದರ ವೈರ್ ತೆಗೆದು ಮುಟ್ಟಿಸಿದರೆ ಕ್ಲಿಕ್ ಎನ್ನಬೇಕು.

ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. ಬಿಗಿದರೆ ತುದಿ ಹಾಳಾಗುತ್ತದೆ. ಬಿಸಿ ಎಂಜಿನ್‌ನಲ್ಲಿ ಕಾಲು ಕಾಲು ಸುತ್ತು ತಿರುಗಿಸುತ್ತಾ ಆರ್‌ಪಿಎಂ ಅತಿ ಹೆಚ್ಚು, ಸದ್ದು ಅತಿ ನಯ ಆಗುವ ಜಾಗ ಹುಡುಕಿ. ಆಮೇಲೆ ಥ್ರಾಟಲ್ ಸ್ಕ್ರೂನಿಂದ ಸ್ಪೀಡ್ ಇಳಿಸಿ, ಮತ್ತೊಮ್ಮೆ ಮಿಶ್ರಣ ನೋಡಿ. ಸ್ಕ್ರೂ ಪೂರ್ತಿ ಒಳಗೆ ಹೋದರೂ ಎಂಜಿನ್ ಆಫ್ ಆಗದಿದ್ದರೆ ಥ್ರಾಟಲ್ ಜಾಸ್ತಿ ತೆರೆದಿದೆ, ಪೆಟ್ರೋಲ್ ಬೇರೆ ತೂತಿನಿಂದ ಬರುತ್ತಿದೆ.

ಒಳಗೆ ಏರಿಳಿಯುವ ಪಿಸ್ಟನ್ ಇರುವ ಎಸ್‌ಯು ಕಾರ್ಬುರೇಟರಿನ ಪರೀಕ್ಷೆ ಬೇರೆ. ಪಿಸ್ಟನ್ ಎತ್ತುವ ಪಿನ್‌ನಿಂದ ಅದನ್ನು ಸುಮಾರು 0.8 ಮಿಲಿಮೀಟರ್ ಎತ್ತಿ. ಆರ್‌ಪಿಎಂ ಒಂದು ಕ್ಷಣ ಏರಿ ಮತ್ತೆ ಇಳಿದರೆ ಸರಿ ಇದೆ. ಏರಿ ಅಲ್ಲೇ ನಿಂತರೆ ರಿಚ್. ಕುಸಿದು ಆಫ್ ಆದರೆ ಲೀನ್. 1970ರ ದಶಕದ ಕೆಲವು ಎಸ್‌ಯು ಎಚ್‌ಎಸ್ ಕಾರ್ಬುರೇಟರ್‌ಗಳಲ್ಲಿ ಜೆಟ್ ಕೆಳಗೆ ಮೇಣ ತುಂಬಿದ ವ್ಯಾಕ್ಸ್‌ಸ್ಟಾಟ್ ಇರುತ್ತದೆ. ಶಾಖಕ್ಕೆ ತಕ್ಕಂತೆ ಜೆಟ್ ಅನ್ನು ಏರಿಸಿ ಇಳಿಸುವುದು ಅದರ ಕೆಲಸ. ಅದು ಕೆಟ್ಟರೆ ನೀವು ಮಾಡಿದ ಸೆಟ್ಟಿಂಗ್ ಬಿಸಿಯಾದಾಗ ತಾನೇ ಬದಲಾಗುತ್ತದೆ. ಅನೇಕರು ಅದನ್ನು ತೆಗೆದು ಸಾಮಾನ್ಯ ಜೆಟ್ ಹಾಕಿಬಿಡುತ್ತಾರೆ, ನನಗೂ ಅದೇ ಸರಿ ಅನ್ನಿಸುತ್ತದೆ. ಡ್ಯಾಂಪರ್ ಆಯಿಲ್ ಬದಲಾಯಿಸಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಅದು ಪಿಕಪ್‌ಗೆ ಸಂಬಂಧಿಸಿದ್ದು, ಐಡ್ಲಿಂಗ್‌ಗೆ ಅಲ್ಲ.

ಎರಡು ಕಾರ್ಬುರೇಟರ್ ಇದ್ದರೆ ಅವುಗಳ ನಡುವಿನ ಲಿಂಕ್ ಸಡಿಲಿಸಿ. ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರಿನ ಬಾಯಿಗೆ ಹಿಡಿದು ಗಾಳಿಯ ಸುಯ್ ಸದ್ದು ಎರಡರಲ್ಲೂ ಒಂದೇ ಆಗುವಂತೆ ಥ್ರಾಟಲ್ ಸ್ಕ್ರೂಗಳನ್ನು ಹೊಂದಿಸಿ. ಆಮೇಲೆ ಮಿಶ್ರಣ, ಕೊನೆಗೆ ಲಿಂಕ್ ಬಿಗಿಯಿರಿ.

ಇಷ್ಟೆಲ್ಲ ಆದ ಮೇಲೆ ಎಂಜಿನ್ ಸದ್ದು ಒಂದೇ ಸಮನೆ ಇದೆ, ವ್ಯಾಕ್ಯೂಮ್ ಮುಳ್ಳು ಅಲುಗುವುದಿಲ್ಲ, ಆದರೂ ಕಾರು ನಡುಗುತ್ತಿದೆ ಅಂದರೆ ಎಂಜಿನ್ ಮೌಂಟಿಂಗ್ ನೋಡಿ. ರಬ್ಬರ್ ಹರಿದಿದ್ದರೆ ಅಥವಾ ಎಣ್ಣೆ ಕುಡಿದು ಮೆತ್ತಗಾಗಿದ್ದರೆ ಚೆನ್ನಾಗಿ ಓಡುವ ಎಂಜಿನ್ನಿನ ನಡುಕವೂ ನೇರ ಬಾಡಿಗೆ ಬರುತ್ತದೆ. ಜಾಕ್ ಮೇಲೆ ಮರದ ತುಂಡು ಇಟ್ಟು ಎಂಜಿನ್ನಿನ ಭಾರವನ್ನು ಸ್ವಲ್ಪ ಎತ್ತಿ. ರಬ್ಬರ್ ಮತ್ತು ಲೋಹದ ನಡುವೆ ಬಾಯಿ ಬಿಟ್ಟರೆ ಎರಡೂ ಬದಿಯ ಮೌಂಟಿಂಗ್ ಒಟ್ಟಿಗೇ ಬದಲಾಯಿಸಿ.